ಎಳೆಮನೆಯ ಮರಳುಯಾನ: ವ್ಯಾಕರಣಸಮ್ಮತವಾದ ಒಂದು ವಿವೇಚನೆ

ಪದನಿಷ್ಕರ್ಷೆ

ಟ್ರಾವೆಲ್ ಟ್ರೇಲರ್ ಎಂಬ ಮಾತು ಕಿವಿಗೆ ಬಿದ್ದಾಗ ಕನ್ನಡದ ಓದುಗನ ಕಣ್ಣೆದುರು ಬರುವುದು ಒಂದೋ ಶುಕ್ರವಾರ ತೆರೆಗೆ ಬರಲಿರುವ ಸಿನಿಮಾದ ತುಣುಕು, ಇಲ್ಲವೇ ಮಂಡ್ಯದ ಕಡೆಯ ರಸ್ತೆಯಲ್ಲಿ ಕಬ್ಬು ಹೇರಿಕೊಂಡು ಓಲಾಡುತ್ತ ಸಾಗುವ ಟ್ರ್ಯಾಕ್ಟರಿನ ಹಿಂಬಂಡಿ. ಪ್ರಸ್ತುತ ಪ್ರಬಂಧದ ವಸ್ತು ಇವೆರಡೂ ಅಲ್ಲವಾದರೂ ಎರಡನೆಯದರ ದಾಯಾದಿ ಎನ್ನಲು ಅಡ್ಡಿಯಿಲ್ಲ. ಏಕೆಂದರೆ ಸ್ವಂತ ಎಂಜಿನ್ ಇಲ್ಲದೆ, ಮುಂದಿನ ವಾಹನದ ಕೊಂಡಿಗೆ ಜೋತುಬಿದ್ದು, ಅದು ಹೋದಲ್ಲಿಗೆ ಹೋಗುವುದೇ ಇದರ ಧರ್ಮವೂ ಆಗಿದ್ದು, ಕಬ್ಬಿನ ಜಾಗದಲ್ಲಿ ಹಾಸಿಗೆ, ಒಲೆ, ಫ್ರಿಜ್, ಶೌಚಾಲಯ ಹಾಗೂ ದಂಪತಿಗಳ ಮುನಿಸು ತುಂಬಿರುವುದಷ್ಟೇ ವ್ಯತ್ಯಾಸ. ಅಮೆರಿಕದಲ್ಲಿ ಲಕ್ಷಾಂತರ ಮಂದಿ ಇಟ್ಟುಕೊಂಡಿರುವ ಈ ವಸ್ತುವನ್ನು ಇಲ್ಲಿ 'ಎಳೆಮನೆ' ಎಂದು ಕರೆಯಲಾಗಿದೆ. ಎಳೆಯಲ್ಪಡುವ ಮನೆ ಎಂಬುದು ಇದರ ವಿಗ್ರಹವಾಕ್ಯ. ಎಳೆಯದಾದ ಮನೆ, ಅಂದರೆ ಇನ್ನೂ ಬಲಿಯದ ಮನೆ, ಎಂಬ ಅರ್ಥವೂ ಹೊರಡುತ್ತದೆಂದು ಆಕ್ಷೇಪಿಸುವವರಿಗೆ ಆ ಅರ್ಥವೂ ಸಾಧುವೇ ಎಂಬುದು ಉತ್ತರ.

'ಮರಳುಯಾನ' ಎಂಬಲ್ಲಿ ಮರಳು ಎಂದರೆ ಹಿಂದಿರುಗು ಎಂದೂ ಆಗುತ್ತದೆ, ಉಸುಕು ಎಂದೂ ಆಗುತ್ತದೆ. ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡ, ಚಳಿಗಾಲ ಕಳೆಯಲು ಹೋದ ಇಂಡಿಯಾನಾದ ದಂಪತಿಗಳ ಹಾಸಿಗೆಯ ಮಡಿಕೆಗೆ ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಸೇರಿಕೊಂಡ ಉಸುಕು ಅವರ ಊರಿನವರೆಗೂ ಜೊತೆಗೆ ಬರುವುದರಿಂದ ಎರಡೂ ಅರ್ಥಗಳು ಇಲ್ಲಿ ಸಲ್ಲುತ್ತವೆ. ನಡುವೆ ಒಂದು ಉಕಾರವನ್ನು ಸೇರಿಸಿ 'ಮರುಳುಯಾನ' ಎಂದು ಓದುವ ಪಾಠಾಂತರವೂ ಪ್ರಚಲಿತವಾಗಿದ್ದು, ನೆರೆಹೊರೆಯವರು ಮತ್ತು ಬೆಳೆದ ಮಕ್ಕಳು ಸಾಮಾನ್ಯವಾಗಿ ಈ ಪಾಠವನ್ನೇ ಎತ್ತಿಹಿಡಿಯುತ್ತಾರೆ.

ಈ ಯಾನದ ಮೂಲಸಮಸ್ಯೆ ವಿಭಕ್ತಿಗೆ ಸಂಬಂಧಿಸಿದ್ದು. 'ಅವರು ಮನೆಯಿಂದ ಮನೆಗೆ ಹೊರಟರು' ಎಂಬ ವಾಕ್ಯವನ್ನು ತೆಗೆದುಕೊಂಡರೆ, ಹೊಸಗನ್ನಡದಲ್ಲಿ ತೃತೀಯೆಗೂ ಪಂಚಮಿಗೂ 'ಇಂದ' ಎಂಬ ಒಂದೇ ಪ್ರತ್ಯಯವಿರುವುದರಿಂದ, ಆ 'ಮನೆಯಿಂದ' ಎಂಬುದು ಹೊರಟ ಸ್ಥಳವನ್ನು ಹೇಳುತ್ತದೆಯೋ ಹೋಗುವ ಸಾಧನವನ್ನು ಹೇಳುತ್ತದೆಯೋ ತಿಳಿಯುವುದಿಲ್ಲ. ಕನ್ನಡಕ್ಕೆ ಪಂಚಮಿ ಎಂಬ ಪ್ರತ್ಯೇಕ ವಿಭಕ್ತಿ ಬೇಕೇ ಎಂಬ ಜಗಳ ವೈಯಾಕರಣರಲ್ಲಿ ಹಳೆಯದು. ಅವರಲ್ಲಿ ಯಾರೊಬ್ಬರೂ ಮನೆಯನ್ನು ಕೊಂಡಿಗೆ ಸಿಕ್ಕಿಸಿಕೊಂಡು ಹೊರಟವರಲ್ಲವಾದ್ದರಿಂದ ಜಗಳ ಇತ್ಯರ್ಥವಾಗದೆ ಉಳಿಯಿತು. ಎಳೆಮನೆಯ ಸಂದರ್ಭದಲ್ಲಾದರೋ ಮನೆಯೇ ಹೊರಟ ಸ್ಥಳ, ಮನೆಯೇ ಜೊತೆಗಾರ, ರಾತ್ರಿ ಮಲಗುವಾಗ ಮನೆಯೇ ಅಧಿಕರಣ, ಕೊನೆಗೆ ತಲುಪಬೇಕಾದುದೂ ಮನೆಯೇ. ಇಷ್ಟೊಂದು ವಿಭಕ್ತಿಗಳಲ್ಲಿ ಮನೆಯಿರುವ ವ್ಯಕ್ತಿಗೆ ಮನೆಯ ನೆನಪು ಕಾಡುವುದೇಕೆ ಎಂಬುದೇ ಈ ಪ್ರಬಂಧದ ಜಿಜ್ಞಾಸೆ.

ಬಸವನಹುಳುವಿನ ಉಪಮೆಯನ್ನು ಇಲ್ಲಿ ತರುವ ವಾಡಿಕೆಯಿದೆ, ಅದು ಸಲ್ಲದು. ಬಸವನಹುಳು ಮನೆಯನ್ನು ಹೊತ್ತು ತಿರುಗುತ್ತದೆಯೇ ಹೊರತು ಅದಕ್ಕೆ ಮನೆಗೆ ಮರಳುವುದು ಎಂಬ ಕ್ರಿಯೆಯೇ ಇಲ್ಲ. ಎಳೆಮನೆಯವನಿಗಾದರೋ ಇನ್ನೊಂದು ಮನೆಯಿದೆ, ಅದರ ತೆರಿಗೆಯನ್ನೂ ಅವನೇ ಕಟ್ಟುತ್ತಾನೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬಂದಿಳಿದು ಬೇಸಿಗೆಯ ಮುನ್ನ ಹಿಂದಿರುಗುವ ಪಟ್ಟೆತಲೆಯ ಹೆಬ್ಬಾತುಗಳ ಉಪಮೆ ಇದಕ್ಕಿಂತ ಹತ್ತಿರದ್ದು. ಅಮೆರಿಕದಲ್ಲಿಯೂ ಚಳಿಗೆ ಹೆದರಿ ದಕ್ಷಿಣಕ್ಕೆ ಹೋಗುವ ಉತ್ತರದ ನಿವೃತ್ತರನ್ನು 'ಸ್ನೋಬರ್ಡ್', ಅಂದರೆ ಹಿಮದ ಹಕ್ಕಿ, ಎಂದೇ ಕರೆಯುತ್ತಾರೆ. ಆದರೆ ಹೆಬ್ಬಾತಿಗೆ ಹಿಮ ಕರಗಿದ ಮೇಲೆ ಹೊರಡಬೇಕೆಂಬ ವಿವೇಕವಿರುತ್ತದೆ. ಮೊಮ್ಮಗುವಿನ ಜನನ, ಹಲ್ಲಿನ ವೈದ್ಯರು ಕೊಟ್ಟ ದಿನಾಂಕ, ಕೈಯಲ್ಲಿದ್ದ ಹಣದ ಅಂತ್ಯ ಮುಂತಾದ ಕಾರಣಗಳಿಂದ ಮನುಷ್ಯನೊಬ್ಬನೇ ಫೆಬ್ರುವರಿಯಲ್ಲಿ ಉತ್ತರಕ್ಕೆ ತಿರುಗುತ್ತಾನೆ. ಸಂಕ್ರಾಂತಿ ಕಳೆದು ಸೂರ್ಯನೇ ಉತ್ತರಾಯಣ ಹಿಡಿದ ಮೇಲೆ ತಾನೇಕೆ ಹಿಡಿಯಬಾರದು ಎಂಬ ವಾದವನ್ನು ಅವನು ಮುಂದಿಡಬಹುದು. ಸೂರ್ಯನಿಗೆ ನೀರಿನ ಪೈಪುಗಳಿಲ್ಲ ಎಂಬ ಅಂಶ ಮುಂದೆ ಜಲಪ್ರಕರಣದಲ್ಲಿ ಸ್ಪಷ್ಟವಾಗಲಿದೆ.

ಪೂರ್ವಸೂರಿಗಳು ಈ ವಿಷಯದಲ್ಲಿ ಬಹುತೇಕ ಮೌನ. ಪ್ರವಾಸಸಾಹಿತ್ಯ ಹೋಗುವುದನ್ನು ಬರೆದಷ್ಟು ಬರುವುದನ್ನು ಬರೆದಿಲ್ಲ. ಗೊರೂರರ ಪ್ರಸಿದ್ಧ ಕೃತಿಯ ಹೆಸರು 'ಅಮೆರಿಕದಲ್ಲಿ ಗೊರೂರು' ಎಂದು ಸಪ್ತಮಿಯಲ್ಲಿದೆಯೇ ವಿನಾ 'ಅಮೆರಿಕದಿಂದ ಗೊರೂರು' ಎಂದು ಪಂಚಮಿಯಲ್ಲಿಲ್ಲ ಎಂಬುದನ್ನು ಗಮನಿಸಬೇಕು. 1960ರ ಸೆಪ್ಟೆಂಬರಿನಲ್ಲಿ ಚಾರ್ಲಿ ಎಂಬ ನಾಯಿಯನ್ನು ಕೂರಿಸಿಕೊಂಡು, ಬೆನ್ನ ಮೇಲೆ ಕೋಣೆಯನ್ನು ಕಟ್ಟಿದ ಟ್ರಕ್ಕಿನಲ್ಲಿ ದೇಶ ಸುತ್ತಲು ಹೊರಟ ಜಾನ್ ಸ್ಟೈನ್‌ಬೆಕ್, 1962ರ ತನ್ನ ಪುಸ್ತಕದಲ್ಲಿ, ಮನೆ ಇನ್ನೂ ದೂರವಿರುವಾಗಲೇ ವರ್ಜೀನಿಯಾದಲ್ಲಿ ತನ್ನ ಪ್ರಯಾಣ ಮುಗಿದುಹೋಯಿತೆಂದು ಸಾರಿ, ಉಳಿದ ದಾರಿಯನ್ನು ಕೆಲವೇ ಮಾತುಗಳಲ್ಲಿ ತೀರಿಸಿ, ಸ್ವಂತ ಊರಾದ ನ್ಯೂಯಾರ್ಕಿನಲ್ಲೇ ದಾರಿ ತಪ್ಪಿದ್ದನ್ನು ಒಪ್ಪಿಕೊಳ್ಳುತ್ತಾನೆ. ಹೊರಡುವಾಗ 'ಹೋಗುತ್ತೇನೆ' ಎನ್ನದೆ 'ಹೋಗಿ ಬರುತ್ತೇನೆ' ಎನ್ನುವ ಕನ್ನಡಿಗನಿಗೆ ಮಾತ್ರ ಬರುವುದೇ ಪ್ರಧಾನಕ್ರಿಯೆ, ಹೋಗುವುದು ಅದಕ್ಕೆ ಮುಂಚಿನ ಕೃದಂತ. ಆದ್ದರಿಂದ ಈ ಶಾಸ್ತ್ರವನ್ನು ಕನ್ನಡದಲ್ಲಿ ಬರೆಯುವುದು ಉಚಿತವಾಗಿದೆ.

ಇತಿಹಾಸದ ಬಗ್ಗೆ ಒಂದೆರಡು ಮಾತು ಸಾಕು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದ ಡಿಸೋಟೊ ಪಾರ್ಕಿನಲ್ಲಿ ಕೂಡಿದ ಚಳಿಗಾಲದ ಅಲೆಮಾರಿಗಳು 'ಟಿನ್ ಕ್ಯಾನ್ ಟೂರಿಸ್ಟ್ಸ್' ಎಂಬ ಸಂಘ ಕಟ್ಟಿಕೊಂಡು, ಗುರುತಿಗಾಗಿ ಕಾರಿನ ರೇಡಿಯೇಟರಿನ ಮುಚ್ಚಳಕ್ಕೆ ಖಾಲಿ ತಗಡಿನ ಡಬ್ಬಿಯೊಂದನ್ನು ಬೆಸೆದುಕೊಳ್ಳುತ್ತಿದ್ದರು, ಸಂಪ್ರದಾಯಕ್ಕೊಂದು ಲಾಂಛನವಿರಬೇಕಷ್ಟೆ. ವಾಲಿ ಬಯಾಮ್ ಎಂಬಾತ 1930ರ ದಶಕದಲ್ಲಿ ಏರ್‌ಸ್ಟ್ರೀಮ್ ಎಂಬ ಹೊಳೆಯುವ ಅಲ್ಯೂಮಿನಿಯಂ ಎಳೆಮನೆಯನ್ನು ಜನಪ್ರಿಯಗೊಳಿಸಿದ. ಮರಳುಯಾನದ ಪರಮೋದಾಹರಣೆ ಒದಗಿದ್ದು 1969ರ ಜುಲೈ 24ರಂದು. ಚಂದ್ರನಿಂದ ಹಿಂದಿರುಗಿ ಪೆಸಿಫಿಕ್ ಸಾಗರಕ್ಕಿಳಿದ ಅಪೊಲೊ 11ರ ಮೂವರು ಗಗನಯಾತ್ರಿಗಳನ್ನು, ಚಂದ್ರನ ರೋಗಾಣುಗಳು ಅಂಟಿರಬಹುದೆಂಬ ಶಂಕೆಯಿಂದ, ಹಾರ್ನೆಟ್ ಎಂಬ ನೌಕೆಯ ಮೇಲಿಟ್ಟಿದ್ದ, ಚಕ್ರ ಕಳಚಿ ಮಾರ್ಪಡಿಸಿದ ಏರ್‌ಸ್ಟ್ರೀಮ್ ಒಂದರೊಳಗೆ ಕೂಡಿಹಾಕಲಾಯಿತು; ಅಧ್ಯಕ್ಷ ನಿಕ್ಸನ್ ಕಿಟಕಿಯಾಚೆ ನಿಂತು ಮಾತಾಡಿಸಿದರು. ಅತ್ಯಂತ ದೂರ ಹೋಗಿ ಬಂದವರೂ ಮನೆ ಸೇರುವ ಮುನ್ನ ಎಳೆಮನೆಯೊಳಗೆ ಕುಳಿತು ಕಾಯಬೇಕಾಯಿತೆಂಬ ಸಂಗತಿ ಪ್ರವೇಶಪ್ರಕರಣದಲ್ಲಿ ಮತ್ತೆ ಬೇಕಾಗುತ್ತದೆ.

ಸಂಧಿಪ್ರಕರಣ

ಎಳೆಯುವ ಟ್ರಕ್ಕು ಪೂರ್ವಪದ, ಎಳೆಮನೆ ಉತ್ತರಪದ. ಪೂರ್ವಪದದ ಹಿಂಬದಿಗೆ ಉಕ್ಕಿನ ಗುಂಡೊಂದು ನಿಂತಿರುತ್ತದೆ; ಉತ್ತರಪದದ ಮೂತಿಯಲ್ಲಿ ಅದನ್ನು ಕವಿದು ಹಿಡಿಯುವ ಬೋರಲು ಬಟ್ಟಲಿರುತ್ತದೆ. ಗುಂಡಿನ ವ್ಯಾಸ ಎರಡು ಇಂಚು ಇರಬಹುದು, ಎರಡು ಇಂಚಿನ ಮೇಲೆ ಹದಿನಾರರಲ್ಲಿ ಐದು ಪಾಲು ಇರಬಹುದು. ಈ ಅಲ್ಪ ಅಂತರವನ್ನು ಲೆಕ್ಕಿಸದವನ ಉತ್ತರಪದ ಮೊದಲ ಗುಂಡಿಯಲ್ಲೇ ಪೂರ್ವಪದವನ್ನು ತ್ಯಜಿಸಿ ಸ್ವತಂತ್ರ ವಾಕ್ಯವಾಗುತ್ತದೆ.

ವೈಯಾಕರಣ ಕೇಶಿರಾಜನು ಕೊಂಡಿಯ ಪ್ರಸ್ತಾಪ ಮಾಡಿಲ್ಲವಾದರೂ ಕನ್ನಡ ಸಂಧಿಗಳೆಲ್ಲವೂ ಚಳಿಗಾಲದ ಮುಂಜಾನೆ ಇಲ್ಲಿ ಕಾಣಸಿಗುತ್ತವೆ. ಬಟ್ಟಲಿನ ಚಿಲಕ ತೆರೆದುಕೊಳ್ಳದಂತೆ ತೂರಿಸುವ, ಕಿರುಬೆರಳಿನಷ್ಟು ದಪ್ಪದ ಪಿನ್ನು, ಅಂದರೆ ಎತ್ತಿನ ಗಾಡಿಯವರ ಕಡಾಣಿಯ ಮರಿಮಗು, ಮರಗಟ್ಟಿದ ಬೆರಳುಗಳಿಂದ ಜಾರಿ ಹಿಮದೊಳಗೆ ಬಿದ್ದು ಕಣ್ಮರೆಯಾದರೆ ಅದು ಲೋಪಸಂಧಿ. ಅದರ ಜಾಗದಲ್ಲಿ ಯಜಮಾನನು ಸ್ಕ್ರೂಡ್ರೈವರೊಂದನ್ನು ತೂರಿಸಿ 'ಸದ್ಯಕ್ಕೆ ಇರಲಿ' ಎಂದರೆ ಆದೇಶಸಂಧಿ. ಆ ಸದ್ಯ ಎರಡು ಸಾವಿರ ಕಿಲೋಮೀಟರು ಉದ್ದವಾಗಿರುತ್ತದೆ. ಇಬ್ಬರು ಹೋಗಿ ಮೂವರಾಗಿ ಮರಳುವುದು ಆಗಮಸಂಧಿ. ಮೂರನೆಯದು, ಬೆಚ್ಚನೆಯ ಜಾಗ ಹುಡುಕುತ್ತ ನೆಲದಡಿಯ ತಂತಿಯ ತೂತಿನಿಂದ ಒಳಸೇರಿ, ಸಿಂಕಿನ ಕೆಳಗಿನ ಕಾಗದದ ಟವೆಲ್ಲನ್ನು ಹರಿದು ಗೂಡು ಕಟ್ಟಿಕೊಂಡ ಇಲಿ. ಪುದೀನಾ ಎಣ್ಣೆ ಹಚ್ಚಿದ ಹತ್ತಿಯನ್ನು ಮೂಲೆಮೂಲೆಯಲ್ಲಿಟ್ಟರೆ ಇಲಿ ಬಾರದೆಂಬ ನಂಬಿಕೆ ಎಳೆಮನೆಯವರಲ್ಲಿ ಬಲವಾಗಿದ್ದು, ಆ ಹತ್ತಿಯೂ ಗೂಡಿನಲ್ಲಿ ಸಿಕ್ಕಿದ ಉದಾಹರಣೆಗಳನ್ನು ಅವರೇ ಹೇಳುತ್ತಾರೆ. ಬಟ್ಟಲಿನೊಳಗೆ ಮಂಜು ಗಡ್ಡೆಕಟ್ಟಿ, ಗುಂಡು ನೇರ ಕೆಳಗೇ ಇದ್ದರೂ ಎರಡೂ ಕೂಡದೆ ಎದುರುಬದುರು ನಿಂತರೆ ಅದು ಪ್ರಕೃತಿಭಾವ; ಆಗ ಯಜಮಾನಿಯು ಕೆಟಲಿನ ಬಿಸಿನೀರನ್ನು ತಂದು ಸುರಿಯಬೇಕಾಗುತ್ತದೆ. ಆ ನೀರು ಎಲ್ಲಿಂದ ಬಂತು ಎಂದು ಕೇಳುವ ಸೂಕ್ಷ್ಮಮತಿಗಳು ಮುಂದಿನ ಪ್ರಕರಣದವರೆಗೆ ತಾಳ್ಮೆಯಿಂದಿರಬೇಕು.

ಭಾರದ ವಿಚಾರದಲ್ಲಿ ಅಮೆರಿಕದ ಶಾಸ್ತ್ರ ಹೇಳುವುದೆಲ್ಲ ನಮ್ಮ ಗಾಡಿಕಾರರಿಗೆ ಗೊತ್ತಿದ್ದದ್ದೇ. ಗಾಡಿಯ ಮೂಕಿಯ ಮೇಲೆ ತಕ್ಕಷ್ಟು ಭಾರ ಬೀಳಬೇಕು. ಹಿಂಭಾರ ಹೆಚ್ಚಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳಿಗೆ ಕುತ್ತಾಗುತ್ತದೆ, ಮುಂಭಾರ ಹೆಚ್ಚಾದರೆ ಎತ್ತು ಮಂಡಿಯೂರುತ್ತದೆ. ಎಳೆಮನೆಯ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲಿರಬೇಕೆಂಬುದು ಅಲ್ಲಿಯ ನಿಯಮ. ಕಡಿಮೆಯಾದರೆ ಬಂಡಿ ಹೆದ್ದಾರಿಯಲ್ಲಿ ಹಾವಿನಂತೆ ಹೊರಳಾಡತೊಡಗುತ್ತದೆ. ಹೋಗುವಾಗ ಪಾಲಿಸಿದ ಈ ಲೆಕ್ಕ ಬರುವಾಗ ತಪ್ಪುವುದಕ್ಕೆ ಸಂಗ್ರಹಬುದ್ಧಿಯೇ ಕಾರಣ. 1954ರ 'ದಿ ಲಾಂಗ್, ಲಾಂಗ್ ಟ್ರೇಲರ್' ಎಂಬ ಚಲನಚಿತ್ರದ ನವವಧು, ಹೋದ ಊರುಗಳಿಂದೆಲ್ಲ ನೆನಪಿಗೆಂದು ಹೆಕ್ಕಿದ ಬಂಡೆಗಳನ್ನು ಬಂಡಿಯೊಳಗೆ ಅಡಗಿಸಿಟ್ಟು ಬೆಟ್ಟವೇರುವಾಗ ಗಂಡನ ಪ್ರಾಣ ಹಿಂಡುವುದು ಕಟ್ಟುಕತೆಯಾದರೂ, ಕಲ್ಲಿನ ಬದಲು ಹನ್ನೆರಡು ಬಾಟಲಿ ಜೇನು, ಒಂದು ಮೂಟೆ ಕಿತ್ತಳೆ, ಅರಿಜೋನಾದ ಶಿಲೀಭೂತ ಮರದ ತುಂಡು ಎಂದು ಓದಿಕೊಂಡರೆ ಅದು ಇತಿಹಾಸವೇ ಆಗುತ್ತದೆ. ಇವೆಲ್ಲವೂ ಹಿಂದಿನ ಹಾಸಿಗೆಯ ಕೆಳಗೇ ಸೇರುವುದರಿಂದ ಮರಳುಯಾನದಲ್ಲಿ ಹಿಂಭಾರವೇ ಹೆಚ್ಚು.

ಜಲಪ್ರಕರಣ

ನೀರು ಮಂಜುಗಡ್ಡೆಯಾಗುವಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಪ್ರಸ್ತುತ ಶಾಸ್ತ್ರವೆಲ್ಲ ಈ ಒಂಬತ್ತರ ಮೇಲೆ ನಿಂತಿದೆ. ಎಳೆಮನೆಯ ಗೋಡೆಯೊಳಗೆ ಹರಿದಾಡುವ ಪ್ಲಾಸ್ಟಿಕ್ ಪೈಪುಗಳು, ನೀರೆತ್ತುವ ಪುಟ್ಟ ಪಂಪು, ಶೌಚಾಲಯದ ಕವಾಟ ಇವು ಯಾವುವೂ ಅಷ್ಟು ಔದಾರ್ಯವನ್ನು ಸಹಿಸಲಾರವಾದ್ದರಿಂದ, ಮಂಜಿನ ಸೀಮೆಯನ್ನು ಹೊಗುವ ಮುನ್ನ ಒಂದು ಹನಿಯೂ ಉಳಿಯದಂತೆ ನೀರನ್ನು ಹೊರಹಾಕಬೇಕಾಗುತ್ತದೆ. ಅಮೆರಿಕನ್ನರು 'ವಿಂಟರೈಸ್' ಮಾಡುವುದು ಎನ್ನುವ ಈ ಸಂಸ್ಕಾರಕ್ಕೆ ಇಲ್ಲಿ 'ಜಲಸಂನ್ಯಾಸ' ಎಂಬ ಹೆಸರನ್ನು ಸೂಚಿಸಲಾಗಿದೆ.

ಆಶ್ರಮಧರ್ಮದ ಹಿನ್ನೆಲೆಯಲ್ಲಿ ನೋಡಿದರೆ ಇದರ ಔಚಿತ್ಯ ತಿಳಿಯುತ್ತದೆ. ಅಂಗಡಿಯ ಮುಂದೆ ಬಳಕೆಯಾಗದೆ ನಿಂತ ಎಳೆಮನೆ ಬ್ರಹ್ಮಚಾರಿ. ಶಿಬಿರತಾಣಕ್ಕೆ ಬಂದು ನೀರಿನ ಕೊಳವೆ, ವಿದ್ಯುತ್ತಿನ ತಂತಿ, ಚರಂಡಿಯ ನಳಿಕೆ ಮೂರನ್ನೂ ಜೋಡಿಸಿಕೊಂಡು, ಅದನ್ನು 'ಫುಲ್ ಹುಕಪ್' ಎಂದು ಹೊಗಳಿಕೊಳ್ಳುವುದು ಗೃಹಸ್ಥಾಶ್ರಮ. ಈ ಮೂರನ್ನೂ ಬಿಟ್ಟು ಮರುಭೂಮಿಯಲ್ಲಿ ತೊಟ್ಟಿಯ ನೀರನ್ನೇ ಅಳೆದಳೆದು ಬಳಸುತ್ತ, ಅರ್ಧ ಲೋಟದಲ್ಲಿ ಮುಖ ತೊಳೆಯುವುದು ವಾನಪ್ರಸ್ಥ. ಜಲಸಂನ್ಯಾಸ ನಾಲ್ಕನೆಯದು. ಅದರ ವಿಧಿ ಹೀಗಿದೆ: ಮೊದಲು ಮಲಮೂತ್ರದ ಕಪ್ಪು ತೊಟ್ಟಿಯನ್ನೂ, ಬಚ್ಚಲಿನ ಬೂದು ತೊಟ್ಟಿಯನ್ನೂ ಅದಕ್ಕೆಂದೇ ಇರುವ ಜಾಗದಲ್ಲಿ ಬರಿದು ಮಾಡಿ, ಕುಡಿಯುವ ನೀರಿನ ತೊಟ್ಟಿಯನ್ನು ಬಸಿದು, ಬಿಸಿನೀರಿನ ಬಾಯ್ಲರು ತಣ್ಣಗಾಗುವವರೆಗೆ ಕಾದು ಅದನ್ನೂ ಖಾಲಿ ಮಾಡಿ, ಬಾಯ್ಲರನ್ನು ಬಳಸಿಹೋಗುವಂತೆ ಕವಾಟ ತಿರುಗಿಸಿ, ಅನಂತರ ಪಂಪಿನ ಬಾಯಿಗೆ ಗುಲಾಬಿ ಬಣ್ಣದ ದ್ರವದ ಕ್ಯಾನನ್ನು ಕೊಡಬೇಕು. ಈ ದ್ರವ ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿದ್ದು. ಕಾರಿನ ರೇಡಿಯೇಟರಿಗೆ ಸಾಮಾನ್ಯವಾಗಿ ಹಾಕುವ ಎಥಿಲೀನ್ ಗ್ಲೈಕಾಲಿನಂತೆ ವಿಷವಲ್ಲ. ಬಳಿಕ ಒಂದೊಂದೇ ನಲ್ಲಿಯನ್ನು, ಬಿಸಿಯದನ್ನೊಮ್ಮೆ ತಣ್ಣನೆಯದನ್ನೊಮ್ಮೆ, ತೆರೆಯುತ್ತ ಹೋದಂತೆ ಅದು ಮೊದಲು ಕೆಮ್ಮಿ, ಗಾಳಿಯನ್ನು ಉಗುಳಿ, ತಿಳಿನೀರನ್ನು ಕಾರಿ, ಆಮೇಲೆ ತೆಳುಗುಲಾಬಿಗೆ ತಿರುಗಿ, ಕೊನೆಗೆ ಜಾತ್ರೆಯ ಶರಬತ್ತಿನ ಬಣ್ಣ ಬಂದಾಗ ಮುಚ್ಚಬೇಕು. ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ಸದಾ ಒಂದು ಬೊಗಸೆ ನೀರು ನಿಂತಿರುತ್ತದಾದ್ದರಿಂದ ಅಲ್ಲಿಗೂ ಒಂದು ಲೋಟ ಸುರಿಯಬೇಕು. ಸಂನ್ಯಾಸಕ್ಕೆ ಕಾವಿ ಸಲ್ಲಬೇಕಾದಲ್ಲಿ ಗುಲಾಬಿ ಬಂದಿರುವುದು ದೇಶಾಚಾರದ ಭೇದ ಮಾತ್ರ.

ಹೊರಗೋಡೆಯ ಮೇಲೆ, ಸಣ್ಣ ಮುಚ್ಚಳದ ಹಿಂದೆ, ಕಡಲಿಂದ ಬಂದವರು ಕಾಲು ತೊಳೆದುಕೊಳ್ಳಲೆಂದು ಇನ್ನೊಂದು ಶವರು ಇರುತ್ತದೆ. ಎಲ್ಲರೂ ಮರೆಯುವುದು ಅದನ್ನೇ.

ಈಗ ಮೂಲಸಮಸ್ಯೆಗೆ ಮರಳಬಹುದು. ಜಲಸಂನ್ಯಾಸದ ಮರುಕ್ಷಣವೇ ಎಳೆಮನೆಯ ಒಳಗಣ ಬದುಕು ಬದಲಾಗುತ್ತದೆ: ಒಲೆಯಿದೆ, ಹಾಸಿಗೆಯಿದೆ, ದೀಪವಿದೆ, ನಲ್ಲಿ ತಿರುಗಿಸಿದರೆ ನೀರಿಲ್ಲ. ಅತ್ತ ಇಂಡಿಯಾನಾದ ಸ್ಥಿರಮನೆಯಲ್ಲೂ ಪೈಪು ಒಡೆಯದಿರಲೆಂದು ಹೊರಡುವ ದಿನ ನೆಲಮಾಳಿಗೆಯ ಮುಖ್ಯ ಕವಾಟವನ್ನು ಮುಚ್ಚಿ, ನಲ್ಲಿಗಳನ್ನೆಲ್ಲ ಬಸಿದು ಬಂದಿರುತ್ತಾರೆ. ಹೀಗಾಗಿ ಎರಡು ಮನೆಗಳ ಒಡೆಯರಾದ ದಂಪತಿಗಳು ಎರಡರಲ್ಲಿಯೂ ನೀರಿಲ್ಲದವರಾಗಿ, ಕೊಂಡು ತಂದ ನೀರಿನ ನಾಲ್ಕು ಕ್ಯಾನುಗಳನ್ನು ಟ್ರಕ್ಕಿನ ಬೆಚ್ಚನೆಯ ಹಿಂದಿನ ಸೀಟಿನಲ್ಲಿ ಸೀಟುಬೆಲ್ಟು ಬಿಗಿದು ಕೂರಿಸಿಕೊಂಡು ಸಾಗುತ್ತಾರೆ. ಕೆಟಲಿಗೆ ಬಂದದ್ದು ಆ ನೀರು. ಮನೆ ಎಂಬ ಪದಕ್ಕೆ ನಿಘಂಟುಗಳು ಗೋಡೆ, ಸೂರು, ಕುಟುಂಬ ಎಂದು ಎಷ್ಟೇ ಅರ್ಥ ಕೊಟ್ಟರೂ, ಈ ನಡುವಣ ಅವಸ್ಥೆಯನ್ನು ಪರಿಶೀಲಿಸಿದವರಿಗೆ, ನಲ್ಲಿಯಲ್ಲಿ ನೀರು ಬರುವ ಜಾಗವೇ ಮನೆ ಎಂಬ ಲಕ್ಷಣವನ್ನು ಒಪ್ಪದೆ ಗತಿಯಿಲ್ಲ. ಬೆಂಗಳೂರಿನ ಬಾಡಿಗೆದಾರರು ಈ ಸಿದ್ಧಾಂತಕ್ಕೆ ಪ್ರತ್ಯೇಕವಾಗಿಯೇ ತಲುಪಿದ್ದಾರೆ.

ನೀರು ಬೇಡದ ಕಡೆ ಮಾತ್ರ ಧಾರಾಳವಾಗಿ ಸಿಗುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಇಬ್ಬರ ರಾತ್ರಿಯುಸಿರು ತಣ್ಣನೆಯ ಕಿಟಕಿಗೆ ತಾಗಿ ಹನಿಗಟ್ಟಿ ಇಳಿದು, ಹಾಸಿಗೆಯ ಅಡಿಯನ್ನು ತೊಯ್ಯಿಸುತ್ತದೆ. ಕಿಟಕಿ ತೆರೆದಿಡಿ ಎಂದು ಶಾಸ್ತ್ರ ಹೇಳುತ್ತದೆ, ಚಳಿ ಬೇಡವೆನ್ನುತ್ತದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಇಂಥದೊಂದು ಬಂಡಿಯನ್ನು ಬಾಡಿಗೆಗೆ ಹಿಡಿದಾಗ ಇನ್ನೊಂದು ತೊಡಕು ಸೇರುತ್ತದೆ: ಕಿಟಕಿ ಮುಚ್ಚಿ ಒಗ್ಗರಣೆಗೆ ಸಾಸಿವೆ, ಮೆಣಸಿನಕಾಯಿ ಹಾಕಿದರೆ ತಲೆಯ ಮೇಲೆ ಒಂದು ಮೊಳದ ಅಂತರದಲ್ಲಿರುವ ಹೊಗೆಯ ಗಂಟೆ ಕೂಗತೊಡಗುತ್ತದೆ, ತೆರೆದರೆ ಎಣ್ಣೆ ಕಾಯುವುದಿಲ್ಲ. ಉಪ್ಪಿನಕಾಯಿ, ಮೊಸರನ್ನದಿಂದ ದಿನ ದೂಡುವುದೇ ಇದಕ್ಕೆ ಕಂಡುಕೊಂಡಿರುವ ಪರಿಹಾರ.

ಮಾರ್ಗಪ್ರಕರಣ

ಎಳೆಮನೆಯವರಲ್ಲಿ ಮೂರು-ಮೂರು-ಮೂರು ಎಂಬ ಸೂತ್ರವಿದೆ: ದಿನಕ್ಕೆ 300 ಮೈಲಿಗಿಂತ ಹೆಚ್ಚು ಹೋಗಬಾರದು, ಮಧ್ಯಾಹ್ನ 3 ಗಂಟೆಯೊಳಗೆ ತಂಗುದಾಣ ಸೇರಬೇಕು, ಒಂದೆಡೆ 3 ದಿನವಾದರೂ ಇರಬೇಕು. ಹೋಗುವಾಗ ಇದನ್ನು ವೇದವಾಕ್ಯವೆಂದು ಪಾಲಿಸಿದವರು ಬರುವಾಗ ದಿನಕ್ಕೆ 600 ಮೈಲಿ ಓಡಿಸಿ, ಕತ್ತಲಾದ ಮೇಲೆ ಯಾವುದೋ ದೊಡ್ಡ ಅಂಗಡಿಯ ಪಾರ್ಕಿಂಗಿನಲ್ಲಿ ನಿಲ್ಲಿಸಿ, ಬೆಳಗ್ಗೆ ಹಲ್ಲುಜ್ಜದೆ ಹೊರಡುತ್ತಾರೆ. ಹೊಲದಿಂದ ಮನೆಯ ಕಡೆಗೆ ಮೂತಿ ತಿರುಗಿಸಿದ ಎತ್ತಿನ ಹೆಜ್ಜೆ ತಾನಾಗಿ ಚುರುಕಾಗುವುದನ್ನು ಕಂಡವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಎತ್ತಿಗೆ ಹುಲ್ಲು ಕಾದಿರುತ್ತದೆ, ಇವರಿಗೆ ಮೂರು ತಿಂಗಳ ಅಂಚೆ.

ಮಾರ್ಗದ ಆಯ್ಕೆಯಲ್ಲಿ ಪೂರ್ವಪಕ್ಷವೊಂದಿದೆ. ಕ್ಯಾಲಿಫೋರ್ನಿಯಾದಿಂದ ಫೆಬ್ರುವರಿಯಲ್ಲಿ ಪೂರ್ವಕ್ಕೆ ಹೊರಟವರು ದಕ್ಷಿಣದ ಹೆದ್ದಾರಿ 10 ಅಥವಾ 40ನ್ನು ಹಿಡಿದು, ಸಾಧ್ಯವಾದಷ್ಟು ದೂರ ಬೆಚ್ಚಗೆ ಹೋಗಿ, ಆಮೇಲೆ ಉತ್ತರಕ್ಕೆ ತಿರುಗಬಾರದೇಕೆ ಎಂಬುದು ಅದು. ಈ ಪೂರ್ವಪಕ್ಷ ಎಲ್ಲ ದೃಷ್ಟಿಯಿಂದಲೂ ಸರಿಯಾಗಿದೆ. ಆದರೆ ಸ್ಯಾನ್ ಫ್ರಾನ್ಸಿಸ್ಕೊದಿಂದ ನ್ಯೂಜೆರ್ಸಿಯವರೆಗೆ ಸುಮಾರು 4,670 ಕಿಲೋಮೀಟರು ಚಾಚಿರುವ ಹೆದ್ದಾರಿ 80 ನಕ್ಷೆಯ ಮೇಲೆ ನೂಲು ಹಿಡಿದಂತೆ ಕಾಣುತ್ತದೆ, ಅದರ ದಾರಿಯಲ್ಲೇ ಮನೆಯಿದೆ, ಮನೆಯ ನೆನಪಾದವನಿಗೆ ಬಳಸುದಾರಿ ತೋರಿಸುವುದು ವ್ಯರ್ಥ.

ಮೊದಲ ಪರೀಕ್ಷೆ ಸಿಯೆರಾ ನೆವಾಡಾದ ಡಾನರ್ ಶಿಖರದಲ್ಲಿ, 7,239 ಅಡಿಯ ಎತ್ತರದಲ್ಲಿ. 1846ರಲ್ಲಿ ಹತ್ತಿರದ ದಾರಿಯೆಂದು ನಂಬಿ ತಡವಾದ ಬಂಡಿಗಳ ತಂಡವೊಂದು ಇದರ ಕೆಳಗಿನ ಸರೋವರದ ಬಳಿ ಹಿಮಕ್ಕೆ ಸಿಕ್ಕಿ ಹಲವರನ್ನು ಕಳೆದುಕೊಂಡ ಕಥೆಯನ್ನು ಅಮೆರಿಕದ ಪ್ರತಿ ಶಾಲೆಯ ಮಗುವೂ ಬಲ್ಲದು. ಅದರ ವಿವರಕ್ಕಿಳಿಯುವುದು ಈ ಪ್ರಬಂಧದ ಧಾಟಿಗೆ ಹೊಂದದು. ಆ ತಂಡದ ರೀಡ್ ಕುಟುಂಬದ ಬಂಡಿಯೊಳಗೆ ಕಬ್ಬಿಣದ ಒಲೆಯಿತ್ತೆಂಬುದನ್ನೂ, ಅದನ್ನು ದಾರಿಯಲ್ಲೇ ಬಿಟ್ಟುಬರಬೇಕಾಯಿತೆಂಬುದನ್ನೂ ಮಾತ್ರ ಎಳೆಮನೆಯವರು ನೆನಪಿಡಬೇಕು. ಈಗ ಅಲ್ಲಿ ಚಕ್ರಗಳಿಗೆ ಸರಪಳಿ ತೊಡಿಸುವ ಬಗ್ಗೆ ಆರ್ 1, ಆರ್ 2, ಆರ್ 3 ಎಂಬ ಮೂರು ಅವಸ್ಥೆಗಳನ್ನು ಸಾರುತ್ತಾರೆ. ಮೊದಲೆರಡರಲ್ಲಿ ಹಿಮದ ಟೈರಿನವರಿಗೂ ನಾಲ್ಕು ಚಕ್ರದ ಚಾಲನೆಯವರಿಗೂ ಒಂದಿಷ್ಟು ವಿನಾಯಿತಿಯುಂಟು. ಮೂರನೆಯದರಲ್ಲಿ ಯಾರಿಗೂ ಇಲ್ಲ. ಆದರೆ ಆರ್ 3 ಸಾರುವ ಹೊತ್ತಿಗೆ ಸಾಮಾನ್ಯವಾಗಿ ಹೆದ್ದಾರಿಯನ್ನೇ ಮುಚ್ಚಿಬಿಡುವುದರಿಂದ ಅದನ್ನು ಅನುಭವಿಸಿದವರು ವಿರಳ, ಅದೊಂದು ಬಗೆಯ ಸುಷುಪ್ತಿ. ನೆವಾಡಾದಲ್ಲಿ ವಿಶೇಷವಿಲ್ಲ. ಯೂಟಾದ ಬಿಳಿಯ ನೆಲ ಉಪ್ಪಿನದು, ಹಿಮವಲ್ಲ. ಅದನ್ನು ಕಂಡು ಭಯಪಡಬೇಕಾಗಿಲ್ಲ.

ಭಯಪಡಬೇಕಾದದ್ದು ವಯೋಮಿಂಗಿನಲ್ಲಿ. ಲ್ಯಾರಮಿಯಿಂದ ಪಶ್ಚಿಮಕ್ಕೆ, ಎಲ್ಕ್ ಪರ್ವತದ ಮಗ್ಗುಲಲ್ಲಿ ಹೆದ್ದಾರಿ ಹಾಯುವುದು ಬೇಡ, ಉತ್ತರಕ್ಕೆ ಬಳಸಿ ಹೋಗುವ ಹಳೆಯ ದಾರಿಯ ಬದಿಯಲ್ಲೇ ಇರಲಿ ಎಂದು ಅಲ್ಲಿ ದನ ಕಾಯ್ದು ಬಾಳಿದವರು ಹೇಳಿದ್ದರು. ಎಂಜಿನಿಯರುಗಳು ನೇರ ದಾರಿಯನ್ನೇ ಮೆಚ್ಚಿದರು. 1970ರ ಅಕ್ಟೋಬರ್ 3ರಂದು ರಸ್ತೆ ತೆರೆಯಿತು. ಕೆಲವೇ ದಿನಗಳಲ್ಲಿ ಹಿಮ ಅದನ್ನು ಮುಚ್ಚಿತು. ವಿಯೆಟ್ನಾಂ ಯುದ್ಧದ ಕಾಲವಾದ್ದರಿಂದ ಲಾರಿಯವರು ಅದಕ್ಕೆ 'ಸ್ನೋ ಚಿ ಮಿನ್ ಟ್ರೇಲ್' ಎಂದು ಹೆಸರಿಟ್ಟರು. ಅಲ್ಲಿ ಹಿಮ ಬೀಳುವುದಕ್ಕಿಂತ ಹೆಚ್ಚಾಗಿ ಹರಿಯುತ್ತದೆ. ಒಮ್ಮೆ ಬಿದ್ದದ್ದನ್ನು ಗಾಳಿ ಎತ್ತಿ ನೆಲಕ್ಕೆ ಸಮಾನಾಂತರವಾಗಿ ದಿನವೆಲ್ಲ ಓಡಿಸುತ್ತಿರುತ್ತದೆ, ಅದನ್ನು ತಡೆಯಲು ಬಯಲುದ್ದಕ್ಕೂ ಓರೆಯಾಗಿ ನಿಲ್ಲಿಸಿದ ಮರದ ಬೇಲಿಗಳಿವೆ. ಹಿಮವಿಲ್ಲದ ದಿನವೂ ಗಾಳಿ ಬಿಡುವುದಿಲ್ಲ. ಆಗ ದೀಪದ ಫಲಕದಲ್ಲಿ 'ಹಗುರವಾದ, ಎತ್ತರದ ವಾಹನಗಳಿಗೆ ರಸ್ತೆ ಮುಚ್ಚಿದೆ' ಎಂಬ ವಾಕ್ಯ ಮೂಡುತ್ತದೆ. ಹಗುರ, ಎತ್ತರ ಎಂಬ ಎರಡೇ ವಿಶೇಷಣಗಳಲ್ಲಿ ಎಳೆಮನೆಯ ಸಂಪೂರ್ಣ ಲಕ್ಷಣವನ್ನು ಹಿಡಿದಿಟ್ಟ ಈ ಸೂತ್ರಕಾರನ ಹೆಸರು ತಿಳಿಯದಿರುವುದು ಶಾಸ್ತ್ರಕ್ಕೊಂದು ನಷ್ಟ.

ಹೀಗೆ ತಡೆದವರು ರಾಲಿನ್ಸ್ ಪಟ್ಟಣದ ಲಾರಿ ನಿಲ್ದಾಣದಲ್ಲಿ, ಉತ್ತರಾಯಣಕ್ಕೆ ಕಾದ ಭೀಷ್ಮರಂತೆ, ರಸ್ತೆ ತೆರೆಯುವುದನ್ನು ಕಾಯಬೇಕು. ಭೀಷ್ಮರಿಗೆ ಅರ್ಜುನನು ನೆಲಕ್ಕೆ ಬಾಣ ಹೊಡೆದು ನೀರು ತರಿಸಿಕೊಟ್ಟನೆಂಬುದು ಪ್ರಸಿದ್ಧ. ರಾಲಿನ್ಸ್‌ನಲ್ಲಿ ನೆಲ ಕಲ್ಲಾಗಿರುತ್ತದೆ. ಅಲ್ಲಿಯ ರಾತ್ರಿಯಲ್ಲಿ ಜೀವ ಉಳಿಸುವುದು ಪ್ರೊಪೇನ್ ಅನಿಲ. ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿ ಬ್ಯೂಟೇನ್ ಬೆರೆತಿರುತ್ತದೆ, ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗಬಲ್ಲದು. ಅನಿಲವೊಂದಿದ್ದರೆ ಸಾಲದು, ಬಿಸಿಗಾಳಿಯನ್ನು ದೂಡುವ ಫ್ಯಾನಿಗೆ ಬ್ಯಾಟರಿ ಬೇಕು, ಬ್ಯಾಟರಿ ಚಳಿಗೆ ಕುಗ್ಗುತ್ತದೆ. ಹೀಗೆ ಫ್ಯಾನು ತಿರುಗತೊಡಗಿದಾಗ ಬ್ಯಾಟರಿಯ ಚಿಂತೆ, ನಿಂತಾಗ ಚಳಿಯ ಚಿಂತೆ. ಅದು 'ಟಕ್' ಎಂದು ಶುರುವಾಗುವ ಸದ್ದಿಗೆ ಇಬ್ಬರೂ ಎಚ್ಚರವಾಗಿ, ಇಬ್ಬರೂ ನಿದ್ದೆ ಬಂದಿರುವಂತೆ ನಟಿಸುತ್ತಾರೆ. ಸಿಂಕಿನ ಕೆಳಗೆ ಆಗಮಸಂಧಿಯೂ ಎಚ್ಚರವಾಗಿರುತ್ತದೆ.

ಷೆರ್ಮನ್ ಶಿಖರದಲ್ಲಿ ಹೆದ್ದಾರಿ ತನ್ನ ಪರಮೋನ್ನತಿಯಾದ 8,640 ಅಡಿಯನ್ನು ಮುಟ್ಟಿ, ಅಲ್ಲಿಂದ ಅಟ್ಲಾಂಟಿಕ್‌ವರೆಗೂ ಅಷ್ಟು ಎತ್ತರಕ್ಕೆ ಏರುವುದಿಲ್ಲ. ನೆಬ್ರಾಸ್ಕದಲ್ಲಿ, ಫೆಬ್ರುವರಿಯ ಕೊನೆಯಾಗಿದ್ದರೆ, ಸ್ಯಾಂಡ್‌ಹಿಲ್ ಕ್ರೇನ್ ಎಂಬ ಕ್ರೌಂಚ ಜಾತಿಯ ಹಕ್ಕಿಗಳು ಲಕ್ಷಗಟ್ಟಲೆ ಉತ್ತರಕ್ಕೆ ಹೋಗುವ ದಾರಿಯಲ್ಲಿ ಪ್ಲಾಟ್ ನದಿಯ ತೆಳುನೀರಿನಲ್ಲಿ ಒಂಟಿಕಾಲಲ್ಲಿ ನಿಂತು ರಾತ್ರಿ ಕಳೆಯತೊಡಗುತ್ತವೆ. ಅವಕ್ಕೆ ಮೂರು-ಮೂರು-ಮೂರರ ಸೂತ್ರ ಮರೆತಿರುವುದಿಲ್ಲ. ವಾರಗಟ್ಟಲೆ ಮೆಕ್ಕೆಜೋಳ ಹೆಕ್ಕಿ, ಮೈಗೆ ಕೊಬ್ಬು ಕಟ್ಟಿಕೊಂಡೇ ಮುಂದಿನ ಹಾರಾಟ. ಹೆದ್ದಾರಿಯ ಮೇಲಿನಿಂದ ಯಜಮಾನಿಯು ನಿಲ್ಲಿಸಿ ನೋಡೋಣವೇ ಎಂದಾಗ ಯಜಮಾನನು ಬರುವ ವರ್ಷ ಎನ್ನುತ್ತಾನೆ. ಅಯೋವಾ ಮತ್ತು ಇಲಿನಾಯ್ ಇವರ ಪಾಲಿಗೆ ಇಲ್ಲವೇ ಇಲ್ಲ.

ಇಷ್ಟರಲ್ಲಿ ಟ್ರಕ್ಕು, ಬಂಡಿ ಎರಡೂ ರಸ್ತೆಗೆ ಎರಚಿದ ಉಪ್ಪಿನಿಂದ ಬೂದಿ ಬಳಿದುಕೊಂಡ ಬೈರಾಗಿಗಳಂತಾಗಿರುತ್ತವೆ. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆಯ ಪ್ರಕಾರ ಇವುಗಳನ್ನು ಕೂಡಲೇ ತೊಳೆಯಬೇಕು, ಇಲ್ಲವಾದರೆ ಕಬ್ಬಿಣ ತುಕ್ಕಾಗುತ್ತದೆ. ಆದರೆ ತೊಳೆದ ನೀರು ಬಾಗಿಲಿನ ಸಂದಿಯಲ್ಲಿ ಹೆಪ್ಪುಗಟ್ಟಿ ಬಾಗಿಲೇ ತೆರೆಯದಾಗುವುದರಿಂದ ಗಾದೆಯನ್ನು ಏಪ್ರಿಲ್‌ವರೆಗೆ ಮುಂದೂಡಲಾಗುತ್ತದೆ.

ಪ್ರವೇಶಪ್ರಕರಣ

ಇಂಡಿಯಾನಾದ ಉತ್ತರದ ಅಂಚಿನಲ್ಲಿರುವ ಎಲ್ಕಾರ್ಟ್ ಜಿಲ್ಲೆ ಎಳೆಮನೆಗಳ ತವರು. ಅಮೆರಿಕದ ಇಂಥ ಬಂಡಿಗಳಲ್ಲಿ ಬಹುಪಾಲು ಹುಟ್ಟುವುದು ಈ ಸೀಮೆಯ ಕಾರ್ಖಾನೆಗಳಲ್ಲಿ. ಅವುಗಳ ಕೀರ್ತಿಗಾಗಿ ಅಲ್ಲೊಂದು ವಸ್ತುಸಂಗ್ರಹಾಲಯವೂ ಇದೆ. ಆದಕಾರಣ ಈ ಜಿಲ್ಲೆಯ ದಂಪತಿಗಳು ತಾವು ಮನೆಗೆ ಹೋಗುತ್ತಿದ್ದೇವೆಂದು ತಿಳಿದಿದ್ದರೂ, ಎಳೆಮನೆಯ ದೃಷ್ಟಿಯಿಂದ ನೋಡಿದರೆ ಅವರು ಮಗಳನ್ನು ತವರಿಗೆ ಬಿಡಲು ಬಂದ ಎತ್ತುಗಳಷ್ಟೇ. ಕೊನೆಯ ಐವತ್ತು ಮೈಲಿಯಲ್ಲಿ ಬಂಡಿಯ ಎಳೆತ ಹಗುರವಾಯಿತೆಂದು ಚಾಲಕರು ಹೇಳುವುದಕ್ಕೆ ಬೇರೆ ವಿವರಣೆ ಕಾಣುವುದಿಲ್ಲ.

ತವರಿನ ಸ್ವಾಗತ ಮಾತ್ರ ತಣ್ಣಗಿರುತ್ತದೆ. ಅರಬ್ಬಿ ಸಮುದ್ರದ ಗಾಳಿ ಆಗುಂಬೆಗೆ ಏನು ಮಾಡುತ್ತದೆಯೋ ಅದನ್ನು, ಬೆಟ್ಟದ ನೆರವೂ ಇಲ್ಲದೆ, ಮಿಶಿಗನ್ ಸರೋವರದ ಗಾಳಿ ಈ ಬಯಲಿಗೆ ಮಾಡುತ್ತದೆ: ಉತ್ತರದ ಶೀತಗಾಳಿ ಸರೋವರದ ಮೇಲೆ ಹಾಯುವಾಗ ಕುಡಿದ ತೇವವನ್ನೆಲ್ಲ ದಂಡೆ ದಾಟಿದೊಡನೆ ಹಿಮವಾಗಿ ಸುರಿದುಬಿಡುತ್ತದೆ. ಬೀದಿಯ ಹಿಮವನ್ನು ಗೋರುವ ಸರಕಾರಿ ಯಂತ್ರ ಅದನ್ನು ಇಕ್ಕೆಲಕ್ಕೆ ತಳ್ಳುತ್ತ ಹೋಗುವುದರಿಂದ, ಮೂರು ತಿಂಗಳು ಯಾರೂ ಹೊರಬರದ ಮನೆಯ ಮುಂದೆ ಸೊಂಟದೆತ್ತರದ ಹಿಮದ ಬದು ಎದ್ದಿರುತ್ತದೆ. ಕರಗಿ ಹೆಪ್ಪುಗಟ್ಟಿ ಕಾಂಕ್ರೀಟಿನಂತಾದ ಆ ಬದುವಿನ ಈಚೆ ಟ್ರಕ್ಕು, ಆಚೆ ಮನೆ. ಗುದ್ದಲಿ ಹಿಂದಿನ ಶೆಡ್ಡಿನಲ್ಲಿದೆ, ಶೆಡ್ಡಿನ ಬಾಗಿಲಿಗೂ ಹಿಮ ಬಡಿದಿದೆ. ಒಂದು ಗಂಟೆ ಕಡಿದು ದಾರಿ ಮಾಡಿದ ಮೇಲೆ ಬಂಡಿಯನ್ನು ಹಿಮ್ಮುಖವಾಗಿ ಒಳಹೊಗಿಸಬೇಕು. ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರೆ ಬಂಡಿ ಬಲಕ್ಕೆ ಹೋಗುವುದೆಂಬ ವಿಪರೀತನ್ಯಾಯ ಇಲ್ಲಿ ಸಕ್ರಿಯವಾಗಿರುತ್ತದೆ. ಹಿಂದೆ ಟಾರ್ಚು ಹಿಡಿದು ನಿಂತ ಯಜಮಾನಿಯು 'ಎಡಕ್ಕೆ' ಎಂದರೆ ಯಾರ ಎಡ, ಚಕ್ರದ ಎಡವೋ ಬಂಡಿಯ ಎಡವೋ ತನ್ನ ಎಡವೋ ಎಂಬ ಸಂದೇಹವನ್ನು ನಿವಾರಿಸುವ ಸರ್ವನಾಮ ಯಾವ ಭಾಷೆಯಲ್ಲೂ ಇಲ್ಲವಾದ್ದರಿಂದ, ಮೂರನೆಯ ಯತ್ನದಲ್ಲಿ ಹಿಂಭಾರದ ಮೂಲೆ ಬದುವಿಗೆ ತಗುಲಿ ನಿಲ್ಲುತ್ತದೆ. ಜೇನಿನ ಬಾಟಲಿಯೊಂದು ಒಡೆದ ಸದ್ದು ಕೇಳುತ್ತದೆ.

ಆ ರಾತ್ರಿಯ ನಿರ್ಧಾರದಲ್ಲಿ ಅಪೊಲೊ 11ರ ಪೂರ್ವನಿದರ್ಶನ ಕೆಲಸಕ್ಕೆ ಬರುತ್ತದೆ. ಸ್ಥಿರಮನೆಯ ಒಳಗಿನ ಉಷ್ಣತೆ ಹತ್ತು ಡಿಗ್ರಿಯಷ್ಟಕ್ಕೆ ಇಳಿಸಿಟ್ಟದ್ದು, ಏರಲು ಹೊತ್ತು ಹಿಡಿಯುತ್ತದೆ. ಎಳೆಮನೆಯಲ್ಲಾದರೋ ಬಿಸಿಗಾಳಿಯ ಫ್ಯಾನು ಇನ್ನೂ ತಿರುಗುತ್ತಿದೆ, ಹೊದಿಕೆ ಹಾಸಿದಂತೆಯೇ ಇದೆ. ಹೀಗಾಗಿ, ತಲುಪಿಯೂ ತಲುಪದವರಾಗಿ, ಸ್ವಂತ ಮನೆಯ ಕಿಟಕಿಗೆ ಎದುರಾದ ಕಿಟಕಿಯ ಹಿಂದೆ ಅವರು ಮಲಗುತ್ತಾರೆ. ಮಾತಾಡಿಸಲು ಅಧ್ಯಕ್ಷರು ಬರುವುದಿಲ್ಲ. ಎದುರುಮನೆಯವನು ಮರುದಿನ ಬೆಳಗ್ಗೆ ಕಿಟಕಿಯಾಚೆ ನಿಂತು, ಕೈಬೀಸಿ, ಇಷ್ಟು ಬೇಗ ಬಂದಿರಾ ಎಂದು ಕೇಳುತ್ತಾನೆ.

ಗೃಹಪ್ರವೇಶದಲ್ಲಿ ಗೋವು ಮೊದಲು ಹೊಸ್ತಿಲು ದಾಟಬೇಕೆಂಬುದು ನಮ್ಮ ಕಡೆಯ ಸಂಪ್ರದಾಯ. ಇಲ್ಲಿ ಸಾಮಾನು ಸಾಗಿಸಲು ಎರಡೂ ಬಾಗಿಲುಗಳನ್ನು ಏಕಕಾಲಕ್ಕೆ ತೆರೆದಿಟ್ಟಾಗ ಆ ಗೌರವ ಇಲಿಗೆ ಸಲ್ಲುತ್ತದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬಂತೆ ಯಜಮಾನಿಯು ಎಲ್ಲಕ್ಕಿಂತ ಮುಂಚೆ ನೆಲಮಾಳಿಗೆಗೆ ಇಳಿದು, ಗೋಡೆಯ ಮೇಲಿನ ಕವಾಟದ ಹಿಡಿಯನ್ನು ಎರಡೂ ಕೈಗಳಿಂದ ಹಿಡಿದು ತಿರುಗಿಸುತ್ತಾಳೆ. ಮೇಲೆ ಅಡುಗೆಮನೆಯ ನಲ್ಲಿ ಒಮ್ಮೆ ಗೊರಕೆ ಹೊಡೆದು, ಎರಡು ಸಲ ಕೆಮ್ಮಿ, ಕೆಂಚು ಬಣ್ಣದ ನೀರನ್ನು ಸಿಡಿಸಿ, ಆಮೇಲೆ ಒಂದೇ ಸಮನೆ ಸುರಿಯತೊಡಗುತ್ತದೆ. ಯಜಮಾನನು ಕೈಯೊಡ್ಡಿಕೊಂಡು, ಅದು ತಿಳಿಯಾದ ಮೇಲೂ ಬಹಳ ಹೊತ್ತು, ನಿಲ್ಲಿಸದೆ ನಿಂತಿರುತ್ತಾನೆ. ಹೊರಗೆ, ಎಳೆಮನೆಯ ಗೋಡೆಯ ಸಣ್ಣ ಮುಚ್ಚಳದ ಹಿಂದೆ, ಕಾಲು ತೊಳೆಯುವ ಶವರಿನ ಬಾಗಿದ ಪೈಪಿನಲ್ಲಿ, ರಾಲಿನ್ಸ್‌ನ ರಾತ್ರಿಯಲ್ಲೇ ಬಿರಿದ ಕೂದಲೆಳೆಯಷ್ಟು ಸೀಳೊಂದು, ಒಂದು ಚಮಚದಷ್ಟು ಮಂಜುಗಡ್ಡೆಯನ್ನು ಕಚ್ಚಿಕೊಂಡು, ಮೇ ತಿಂಗಳ ಮೊದಲ ನೀರಿಗಾಗಿ ಕಾಯುತ್ತಿರುತ್ತದೆ.